ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟು ಪಾಸು

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ 6-20

ಗಾಡಿಯ ಕೆಳಗೆ ಹಾಸಿದ್ದ ಹಳೆ ಪೇಪರ್ ಎಳೆದು ನೋಡಿದೆ. ಎಣ್ಣೆ ಮೂರು ಹನಿ. ನಿನ್ನೆ ನಾಲ್ಕು. ಪರವಾಗಿಲ್ಲ.

ಹಾರ್ನ್ ಸರಿ. ವೈಪರ್ ಸರಿ. ಹಿಂದಿನ ಬಲ ದೀಪ ಒಂದು ಏಟು ಕೊಟ್ಟರೆ ಉರಿಯುತ್ತದೆ. ಕೊಟ್ಟೆ. ಉರಿಯಿತು.

ತಪಾಸಣೆ ಹನ್ನೊಂದನೇ ತಾರೀಕು. ಇನ್ನು ಎಂಟು ದಿನ. ಗಾಡಿಗೆ ನಲವತ್ತಾರು ವರ್ಷ, ನನ್ನ ಕೈಗೆ ಬಂದು ಇಪ್ಪತ್ತೇಳು. ಇಪ್ಪತ್ತೇಳು ಸಲ ತಪಾಸಣೆ, ಇಪ್ಪತ್ತೇಳು ಸಲ ಪಾಸು. ಎಲ್ಲವೂ ಮೊದಲ ಸಲಕ್ಕೇ. ಹೊಸ ಗಾಡಿಯವರೂ ಈ ಮಾತು ಹೇಳಲಾರರು. ನಾನು ಆರನೇ ಕ್ಲಾಸು ಫೇಲು. ಗಾಡಿ ಫೇಲಾಗಿಲ್ಲ.

ಸರ್ಟಿಫಿಕೇಟುಗಳನ್ನೆಲ್ಲ ಬೀರುವಿನ ಬಾಗಿಲ ಒಳಗಡೆ ಅಂಟಿಸಿದ್ದೇನೆ. ಮನೆಯವಳು ಬಟ್ಟೆ ತೆಗೆಯುವಾಗಲೆಲ್ಲ ಗೊಣಗುತ್ತಾಳೆ. "ನಮ್ಮ ಮದುವೆ ಫೋಟೋಗೂ ಇಷ್ಟು ಜಾಗ ಕೊಡ್ಲಿಲ್ಲ ನೀವು."

ಮದುವೆಯನ್ನು ಯಾರೂ ವರ್ಷಾವರ್ಷ ತಪಾಸಣೆ ಮಾಡುವುದಿಲ್ಲ ಎಂದೆ.

"ಮಾಡಿದ್ರೆ ಗೊತ್ತಾಗ್ತಿತ್ತು" ಎಂದಳು.

ಈ ಸಲದ ಪಾಸು ನನಗಲ್ಲ. ಮೊಮ್ಮಗಳಿಗೆ. ಮಗಳ ಮಗಳು. ನರ್ಸ್ ಓದು ಮುಗಿಸಿದ್ದಾಳೆ. ಬೆಟ್ಟದ ಮೇಲಿನ ಆಸ್ಪತ್ರೆಯಲ್ಲಿ ಕೆಲಸ. ಏಪ್ರಿಲ್ ಒಂದಕ್ಕೆ ಸೇರಬೇಕು. ಬೆಟ್ಟದಿಂದ ಕೊನೆಯ ಬಸ್ಸು ಸಂಜೆ ಆರಕ್ಕೆ, ಅವಳ ಪಾಳಿ ಮುಗಿಯುವುದು ಏಳಕ್ಕೆ. ಗಾಡಿ ಇಲ್ಲದೆ ಆ ಕೆಲಸ ಇಲ್ಲ. ನನ್ನದು ತಗೋ ಎಂದೆ. ಅವಳ ಅಮ್ಮ, ಅಂದರೆ ನನ್ನ ಮಗಳು, ಮೂಗು ಮುರಿದಳು. ಹನ್ನೊಂದು ಕಿಲೋಮೀಟರ್ ಇಳಿಜಾರು, ನಿಮ್ಮ ಹಳೆ ಡಬ್ಬ ನಂಬಿ ಹೇಗೆ ಕಳಿಸ್ಲಿ ಅಂದಳು. ಬೀರು ತೆರೆದು ತೋರಿಸಿದೆ.

"ಸರಿ. ಇಪ್ಪತ್ತೆಂಟನೇದೂ ಬರ್ಲಿ. ಆಮೇಲೆ ಕೊಡಿ" ಎಂದಳು.

ಬರುತ್ತದೆ. ಬರದೆ ಎಲ್ಲಿಗೆ ಹೋಗುತ್ತದೆ.

ಮಾರ್ಚ್ 6, ಶುಕ್ರವಾರ. ಮಧ್ಯಾಹ್ನ 12-30

ಭಾವನ ಮನೆಗೆ ಹೋಗಿ ಸೆಟ್ ತಂದೆ.

ಸೆಟ್ ವಿಷಯ ಇಲ್ಲಿ ಎಂದೂ ಬರೆದಿಲ್ಲ. ಬರೆದುಬಿಡುತ್ತೇನೆ. ಪಂಪ್‌ಹೌಸಿನಲ್ಲಿ ಮೂವತ್ತೊಂದು ವರ್ಷ ಲಾಗ್ ಬರೆದ ಕೈ ಇದು — ಗಂಟೆ, ಪ್ರೆಶರ್, ಸಹಿ. ಬಿಟ್ಟು ಬರೆದರೆ ತುರಿಸುತ್ತದೆ.

ಭಾವ ಎಂದರೆ ಇವಳ, ನಮ್ಮ ಮನೆಯವಳ ಅಣ್ಣ. ಅವನ ಹತ್ತಿರವೂ ಇದೇ ಮಾಡೆಲ್. ನನ್ನದು ಹಸಿರು, ಅವನದು ಬಿಳಿ. ಹತ್ತೊಂಬತ್ತು ವರ್ಷದ ಹಿಂದೆ ಬಿಡಿಭಾಗದ ಅಂಗಡಿ ಮುಚ್ಚಿತು. ಕಂಪನಿಯವರು ಭಾಗ ಮಾಡುವುದನ್ನೇ ನಿಲ್ಲಿಸಿದ್ದರು. ಅಂಗಡಿಯಲ್ಲಿ ಉಳಿದದ್ದು ಒಂದೇ ಸೆಟ್ — ನಾಲ್ಕು ಟೈರು, ಮುಂದಿನ ಬ್ರೇಕಿಗೆ ಎರಡು ರಬ್ಬರ್ ಪೈಪು. ಇಬ್ಬರೂ ಒಂದೇ ಹೊತ್ತಿಗೆ ಕೈ ಹಾಕಿದೆವು. ಅಂಗಡಿಯವನ ಎದುರೇ ಜಗಳ. ಇವಳು ನಡುವೆ ಬಂದು ತೀರ್ಮಾನ ಮಾಡಿದಳು. ಇಬ್ಬರದೂ.

ಅಂದಿನಿಂದ ಪದ್ಧತಿ ಇದು. ತಪಾಸಣೆಗೆ ಎರಡು ಮೂರು ದಿನ ಮುಂಚೆ ಸೆಟ್ ಹಾಕುವುದು. ಪಾಸಾದ ಮರುದಿನ ಬಿಚ್ಚಿ, ಒರೆಸಿ, ಪೌಡರ್ ಹಚ್ಚಿ, ಬಟ್ಟೆ ಸುತ್ತಿ ಅಟ್ಟಕ್ಕೆ. ಮತ್ತೆ ಹಳೆ ಟೈರು, ಹಳೆ ಪೈಪು. ಮಾರ್ಚಿನಲ್ಲಿ ನನಗೆ, ಏಪ್ರಿಲಿನಲ್ಲಿ ಅವನಿಗೆ. ಒಳ್ಳೆಯದನ್ನು ದಿನಾ ಉಜ್ಜಿದರೆ ಉಳಿಯುತ್ತದೆಯೇ. ಮದುವೆ ಬಟ್ಟೆ ತೊಟ್ಟು ಯಾರಾದರೂ ನೆಲ ಒರೆಸುತ್ತಾರೆಯೇ. ಸೆಟ್ ಈಗಲೂ ಹೊಚ್ಚ ಹೊಸದು. ಟೈರಿನ ಬದಿಯ ರಬ್ಬರ್ ಕೂದಲು ಕೂಡ ಉದುರಿಲ್ಲ.

ಗಾಡಿ ಪಾಸಾಗಬೇಕು ಎನ್ನುತ್ತದೆ ಕಾನೂನು. ಪಾಸಾದ ಮೇಲೆ ಏನು ತೊಟ್ಟುಕೊಂಡಿದೆ ಎಂದು ಬಗ್ಗಿ ನೋಡಲು ಬರುವುದಿಲ್ಲ. ನನ್ನ ಓಡಾಟ ಮನೆಯಿಂದ ಮಾರುಕಟ್ಟೆ, ಮಾರುಕಟ್ಟೆಯಿಂದ ಮನೆ. ಮೂವತ್ತರ ವೇಗ. ಅದಕ್ಕೆ ಹಳೆ ಪೈಪು ಸಾಕು.

ಆದರೆ ಮೊಮ್ಮಗಳು ಬೆಟ್ಟ ಹತ್ತಿ ಇಳಿಯುವವಳು. ಈ ಸಲ ಸೆಟ್ ಬಿಚ್ಚುವುದಿಲ್ಲ. ಅದನ್ನೇ ಭಾವನಿಗೆ ಹೇಳಿದೆ. ಅವನು ಅಟ್ಟದ ಏಣಿಯ ಮೇಲಿದ್ದ.

"ಬಿಚ್ಚಲ್ಲ ಅಂದ್ರೆ?"

"ಬಿಚ್ಚಲ್ಲ ಅಂದ್ರೆ ಬಿಚ್ಚಲ್ಲ."

"ನನ್ನ ಏಪ್ರಿಲ್ ಹದಿನಾಲ್ಕು?"

"ನಿಂದು ನೀನು ನೋಡ್ಕೊ."

"ಅಲ್ಲ ಮಹಾರಾಯ, ಹತ್ತೊಂಬತ್ತು ವರ್ಷ ಈ ಅಟ್ಟ ಕಾದೋನು ನಾನು. ಇಲಿ ಓಡಿಸ್ದೋನು ನಾನು. ಈಗ ನನ್ನ ಬಿಳಿ ಗಾಡೀನ ಕೋಳಿಗೂಡು ಮಾಡು ಅಂತೀಯಾ?"

"ಈಗ ಮತ್ತೇನಾಗಿದೆ ಅದು?"

ಏಣಿ ಇಳಿದ. ಹೊಡೆಯುತ್ತಾನೆ ಅಂದುಕೊಂಡೆ. ಪೈಪಿನ ಗಂಟನ್ನು ನನ್ನ ಕಂಕುಳಿಗೆ ತುರುಕಿದ. "ಅವಳು ನನಗೂ ಮೊಮ್ಮಗಳೇ ಕಣಯ್ಯ. ತಗೊಂಡು ಹೋಗು. ಬಿಳಿ ಈ ವರ್ಷ ಮೂಲೇಲಿ ನಿಲ್ಲುತ್ತೆ, ಅಷ್ಟೇ ತಾನೇ."

ಆಮೇಲೆ ನಾನು ಗೇಟು ದಾಟುವವರೆಗೂ ಬೈದ.

ಮಾರ್ಚ್ 8, ಭಾನುವಾರ. ಸಂಜೆ 5-00

ಸೆಟ್ ಹಾಕಿ ಆಯಿತು. ಬೆನ್ನು ಹೋಯಿತು.

ಪೈಪಿನೊಳಗಿನ ಗಾಳಿ ತೆಗೆಯಲು ಒಬ್ಬರು ಪೆಡಲ್ ತುಳಿಯಬೇಕು. ಇವಳನ್ನು ಕೂರಿಸಿದೆ. ನಾನು ಚಕ್ರದ ಪಕ್ಕ ನೆಲದಲ್ಲಿ.

"ತುಳಿ."

"ತುಳಿದೆ."

"ಹಿಡ್ಕೋ."

"ಹಿಡ್ಕೊಂಡಿದೀನಿ."

"ಬಿಡು. ಬಿಡು ಅಂದೆ. ಕಿವಿ ಕೇಳ್ಸಲ್ವಾ?"

"ನಲವತ್ತೊಂಬತ್ತು ವರ್ಷದಿಂದ ನೀವು ಹೇಳ್ದಂಗೆ ತುಳೀತಾ ಬಿಡ್ತಾ ಇದೀನಿ. ನಿಮ್ಮ ಗಾಳಿ ಮಾತ್ರ ಇನ್ನೂ ಹೋಗಿಲ್ಲ."

ಪಕ್ಕದ ಮನೆಯ ದರ್ಜಿ ನಕ್ಕಿದ್ದು ಕೇಳಿಸಿತು. ಅವನ ಬೇಲಿ ಅವನು ನೋಡಿಕೊಳ್ಳಲಿ.

ಬೀದಿಯಲ್ಲಿ ಒಂದು ಸುತ್ತು ಹೊಡೆದೆ. ಪೆಡಲ್ ಗಟ್ಟಿ. ಇಳಿದು ಮುಟ್ಟಿದರೆ ಎಡ ಮುಂದಿನ ಚಕ್ರ ಬೆಚ್ಚಗೆ. ಬಲದ್ದು ತಣ್ಣಗೆ. ವರ್ಷಕ್ಕೊಮ್ಮೆ ತೊಡುವ ಬಟ್ಟೆ ಮೊದಲಿಗೆ ಬಿಗಿಯೇ. ಸಡಿಲವಾಗುತ್ತದೆ.

ಮಾರ್ಚ್ 11, ಬುಧವಾರ. ಮಧ್ಯಾಹ್ನ 3-15

ಪಾಸು. ಇಪ್ಪತ್ತೆಂಟಕ್ಕೆ ಇಪ್ಪತ್ತೆಂಟು.

ಆದರೂ ತಲೆ ಕೆಟ್ಟಿದೆ. ಕ್ರಮವಾಗಿ ಬರೆಯುತ್ತೇನೆ.

ಹಳೆ ಇನ್‌ಸ್ಪೆಕ್ಟರ್, ಮೀಸೆಯವನು, ರಿಟೈರ್ ಆಗಿದ್ದಾನೆ. ಅವನಿಗೆ ಗಾಡಿ ನೋಡಲು ಹತ್ತು ನಿಮಿಷ ಸಾಕಿತ್ತು, ಅದರಲ್ಲಿ ಎಂಟು ಹಳೆ ಕಾಲದ ಮಾತು. ಈಗ ಹೊಸಬಳು. ಕನ್ನಡಕ. ನನ್ನ ಮಗಳಿಗಿಂತ ಚಿಕ್ಕವಳು. ಮೇಲಿನ ಪಾಲಿಶ್ ಕಡೆ ಕಣ್ಣೇ ಹಾಯಿಸಲಿಲ್ಲ. ಟಾರ್ಚ್ ಹಿಡಿದು ಗುಂಡಿಗೆ ಇಳಿದಳು. ಅರ್ಧ ಗಂಟೆ ಗಾಡಿಯ ಹೊಟ್ಟೆಯ ಕೆಳಗೆ. ನಾನು ಬೆಂಚಿನ ತುದಿಯಲ್ಲಿ, ಪರೀಕ್ಷೆ ಬರೆದವನ ಹಾಗೆ.

ಮೇಲೆ ಬಂದು ಕೇಳಿದಳು, "ಯಜಮಾನ್ರೇ, ಈ ಟೈರ್ ಯಾವಾಗಿಂದು?"

"ಹೊಸದು."

"ಹೊಸದರ ಥರ ಕಾಣ್ತಿದೆ. ಬದೀಲಿ ನಾಲ್ಕು ಅಂಕಿ ಇದೆ ನೋಡಿ. ತಯಾರಾದ ವಾರ, ವರ್ಷ. ಇಪ್ಪತ್ತು ವರ್ಷ ಆಗಿದೆ ಇದಕ್ಕೆ."

"ಸವೆದಿದ್ಯಾ?"

"ಇಲ್ಲ."

"ಮತ್ತೇನು?"

"ಸವೆಯೋಕೆ ಓಡಬೇಕು. ಹಾಳಾಗೋಕೆ ಓಡಬೇಕಾಗಿಲ್ಲ. ರಬ್ಬರ್ ಸುಮ್ನೆ ಇಟ್ಟಲ್ಲೇ ಹಾಳಾಗುತ್ತೆ."

ಆಮೇಲೆ ಗಾಡಿಯನ್ನು ಚಕ್ರ ತಿರುಗಿಸುವ ರೋಲರ್ ಮೇಲೆ ಹತ್ತಿಸಿ ಬ್ರೇಕ್ ಹಾಕಿಸಿದಳು. ಮೀಟರಿನ ಮುಳ್ಳು ನೋಡಿದಳು. ಮತ್ತೆ ಹಾಕಿಸಿದಳು.

"ಎಡಗಡೆ ಚೆನ್ನಾಗಿ ಹಿಡಿಯುತ್ತೆ. ಬಿಡೋದು ನಿಧಾನ. ಮಿತಿ ದಾಟಿಲ್ಲ, ಅದಕ್ಕೆ ಫೇಲ್ ಮಾಡೋ ಹಾಗಿಲ್ಲ. ಆ ಬ್ರೇಕ್ ಪೈಪಿಗೂ ಟೈರಿನಷ್ಟೇ ವಯಸ್ಸಾ?"

"ನಿಮಗೆಷ್ಟು ವಯಸ್ಸು?" ಎಂದೆ.

"ಮೂವತ್ತೆಂಟು. ಪೈಪಿಂದು ಹೇಳಿ."

ಹೇಳಲಿಲ್ಲ. ಅವಳು ಸರ್ಟಿಫಿಕೇಟಿನ ಕೆಳಗೆ ಎರಡು ಸಾಲು ಬರೆದು ಸೀಲು ಒತ್ತಿ ಕೊಟ್ಟಳು. ನೋಡದೆ ಮಡಿಸಿ ಜೇಬಿಗಿಟ್ಟೆ.

ಮಗಳಿಗೆ ಫೋನ್ ಮಾಡಿದೆ. ಪಾಸು ಎಂದೆ. "ಹಾಗಾದ್ರೆ ನನ್ನದೇನೂ ಅಡ್ಡಿ ಇಲ್ಲಪ್ಪ" ಎಂದಳು.

ಪಾಸು ಎಂದರೆ ಪಾಸು. ಅದರಲ್ಲಿ ಮುಕ್ಕಾಲು, ಅರ್ಧ ಇರುವುದಿಲ್ಲ.

ಮಾರ್ಚ್ 19, ಗುರುವಾರ. ಬೆಳಿಗ್ಗೆ 11-00

ಎಂಟು ದಿನ ಬರೆಯಲಿಲ್ಲ. ಬರೆದರೆ ಅದನ್ನೇ ಬರೆಯಬೇಕಿತ್ತು.

ಸರ್ಟಿಫಿಕೇಟನ್ನು ಬೀರುವಿಗೆ ಅಂಟಿಸುವಾಗ ಕೆಳಗಿನ ಸಾಲು ಓದಿದೆ. "ಎಡ ಮುಂದಿನ ಬ್ರೇಕ್ ಬಿಡುವುದು ನಿಧಾನ. ರಬ್ಬರ್ ಭಾಗಗಳು ಬಹಳ ಹಳೆಯವು. ಇಳಿಜಾರಿನಲ್ಲಿ ಓಡಿಸುವ ಮುನ್ನ ಬದಲಿಸಿ." ದುಂಡು ಅಕ್ಷರ. ಮಗುವಿಗೂ ಓದಲು ಬರುವ ಹಾಗೆ.

ಆ ಕನ್ನಡಕದವಳ ಮಾತು ಸುಳ್ಳು ಮಾಡೋಣ ಎಂದು ಇವತ್ತು ಎರಡೂ ಪೈಪು ಬಿಚ್ಚಿದೆ. ತೊಳೆದೆ. ಬಾಯಿಟ್ಟು ಊದಿದೆ.

ಬಲದ್ದು — ಉಸಿರು ಹೋಯಿತು. ಎಳೆದರೆ ವಾಪಸು ಬಂತು.

ಎಡದ್ದು — ಹೋಯಿತು. ಎಳೆದರೆ ಬರಲಿಲ್ಲ.

ಮತ್ತೆ ಊದಿದೆ. ಆರು ಸಲ. ಕೆನ್ನೆ ನೋಯುವಷ್ಟು. ಹೋಗುತ್ತದೆ, ಬರುವುದಿಲ್ಲ.

ಹೊರಗೆ ಮಗುವಿನ ಕೆನ್ನೆಯ ಹಾಗಿದೆ ಪೈಪು. ಒಳಗಿನ ಪದರ ಎದ್ದು ನಾಲಿಗೆಯ ಹಾಗೆ ಅಡ್ಡ ಬಿದ್ದಿದೆ. ನೀರಿನ ಪಂಪಿನಲ್ಲಿ ಇಂಥದನ್ನು ಬೇಕೆಂದೇ ಹಾಕುತ್ತೇವೆ, ಏರಿದ ನೀರು ಹಿಂದೆ ಬರದಿರಲಿ ಎಂದು. ಮೂವತ್ತೊಂದು ವರ್ಷ ನಾನೇ ಎಣ್ಣೆ ಬಿಟ್ಟ ಸಾಮಾನು. ಬ್ರೇಕಿನಲ್ಲಿ ಇದ್ದರೆ — ತುಳಿದಾಗ ಒತ್ತಡ ಹೋಗುತ್ತದೆ, ಹಿಡಿಯುತ್ತದೆ. ಕಾಲು ತೆಗೆದರೂ ಬಿಡುವುದಿಲ್ಲ. ಹಿಡಿದುಕೊಂಡೇ ಚಕ್ರ ಉರುಳುತ್ತದೆ. ಬಿಸಿಯಾಗುತ್ತದೆ. ಬೀದಿಯಲ್ಲಿ ಒಂದು ಸುತ್ತು ಹೊಡೆದರೆ ಏನೂ ಆಗದು. ಹನ್ನೊಂದು ಕಿಲೋಮೀಟರ್ ಇಳಿಜಾರಿನಲ್ಲಿ ಬ್ರೇಕ್ ಎಣ್ಣೆ ಕುದಿಯುತ್ತದೆ. ಎಣ್ಣೆ ಕುದಿದ ಮೇಲೆ ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ನಿಲ್ಲುವುದಿಲ್ಲ.

ವರ್ಷಕ್ಕೆ ಮೂರು ದಿನ ಹಾಕಿ ಬಿಚ್ಚಿದರೆ ಇದು ಹೇಗೆ ಗೊತ್ತಾಗಬೇಕು. ಉಳಿಸಿದೆವು ಅಂದುಕೊಂಡೆವು. ಅಟ್ಟದ ಮೇಲೆ ಕೊಳೆಸಿದೆವು.

ಹಳೆ ಪೈಪುಗಳನ್ನು ತಂದು ಬಗ್ಗಿಸಿದೆ. ಬಿರುಕಿನೊಳಗೆ ದಾರ ಕಾಣುತ್ತದೆ. ಅವೂ ಬೆಟ್ಟಕ್ಕೆ ಆಗವು.

ಮಧ್ಯಾಹ್ನ 2-30

ವರ್ಕ್‌ಶಾಪ್ ಬೀದಿಯಲ್ಲಿ ಪೈಪು ಮಾಡಿಕೊಡುವವನಿದ್ದಾನೆ. ಮಾದರಿ ತೋರಿಸಿದೆ. ಅಳತೆ ಬರೆದುಕೊಂಡ. ಏಪ್ರಿಲ್ ಮೂರು ಎಂದ.

"ಒಂದಕ್ಕೆ ಬೇಕು."

"ಒಂದಕ್ಕೆ ಬೇಕಾದ್ರೆ ಹೋದ ತಿಂಗಳೇ ಬರ್ಬೇಕಿತ್ತು ತಾತ."

ಟೈರು ಸಿಗುತ್ತದಂತೆ, ಬೇರೆ ಗಾಡಿಯದು, ಅಳತೆ ಹೊಂದುತ್ತದಂತೆ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಕೇಳಿರಲಿಲ್ಲ ನಾನು.

ಮನೆಗೆ ಬಂದು ಸೆಟ್ಟಿನ ಪೈಪುಗಳನ್ನೇ ಮತ್ತೆ ಹಾಕಿದೆ. ಬಿಚ್ಚಿಟ್ಟರೆ ಇವಳು ಯಾಕೆ ಎನ್ನುತ್ತಾಳೆ. ಗಾಳಿ ತೆಗೆಯಲು ಪೆಡಲ್ಲಿಗೆ ಕೋಲು ಕೊಟ್ಟುಕೊಂಡು ಒಬ್ಬನೇ ಮಾಡಿದೆ. ಕೀಲಿ ಮೊಳೆಗೆ ನೇತುಹಾಕಿದೆ.

ಎರಡು ದಿನ ತಡವಾಗಿ ಕೆಲಸಕ್ಕೆ ಸೇರು ಎಂದು ಮೊಮ್ಮಗಳಿಗೆ ಹೇಳಿದರೆ ಮುಗಿಯಿತು. ಆದರೆ ಯಾಕೆ ಎಂದು ಕೇಳುತ್ತಾರೆ. ಪಾಸಾಗಿದೆಯಲ್ಲ, ಮತ್ಯಾಕೆ. ಒಂದು ಎಳೆ ಎಳೆದರೆ ಅಟ್ಟದ ಗಂಟೆಲ್ಲ ಬಿಚ್ಚಿಕೊಳ್ಳುತ್ತದೆ. ಬೀರುವಿನ ಬಾಗಿಲು ಪೂರ್ತಿ ಸುಳ್ಳಾಗುತ್ತದೆ.

ಭಾನುವಾರ ಅವಳು ಬರುತ್ತಾಳೆ. ಹೇಳುತ್ತೇನೆ.

ಮಾರ್ಚ್ 22, ಭಾನುವಾರ. ಸಂಜೆ 6-00

ಬಂದಳು. ಬೀದಿಯಲ್ಲಿ ಓಡಿಸಿದಳು. ನಾನು ಪಕ್ಕದಲ್ಲಿ. ತಿರುವಿನಲ್ಲಿ ಬ್ರೇಕ್ ಹಾಕಿದವಳು ಹೇಳಿದಳು, "ಅಜ್ಜ, ಎಡಕ್ಕೆ ಎಳೀತಿದೆ."

ಆಗಲೇ ಹೇಳಬೇಕಿತ್ತು. ಮಾತು ತಾನಾಗೇ ಬಾಯಿಗೆ ಬಂದಿತ್ತು. ಹೊರಗೆ ಬಿದ್ದದ್ದು ಬೇರೆ.

"ಸ್ಟೀರಿಂಗ್ ನೆಟ್ಟಗೆ ಹಿಡಿಯೋಕೆ ಕಲಿ ಮೊದಲು. ಗಾಡಿ ಪಾಸಾಗಿದೆ. ನೀನು ಪಾಸಾಗ್ಬೇಕು."

ನಕ್ಕಳು. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ಬೀರು ತೆರೆಸಿ ಇಪ್ಪತ್ತೆಂಟನ್ನೂ ಫೋಟೋ ತೆಗೆದಳು. "ನಿನ್ನ ಗಾಡಿ ನಮ್ಮ ಕ್ಲಾಸಲ್ಲಿ ಇದ್ದಿದ್ರೆ ನಾವೆಲ್ಲ ಲಾಸ್ಟ್ ಬೆಂಚು ಅಜ್ಜ" ಎಂದಳು.

ಬಾಯಿ ಬಿಟ್ಟರೆ ಬಣ್ಣಗೇಡು. ಬಿಡಲಿಲ್ಲ.

ಮಾರ್ಚ್ 29, ಭಾನುವಾರ. ಮಧ್ಯಾಹ್ನ 1-40

ಬರೆಯುತ್ತೇನೆ. ಸುಮ್ಮನೆ ಕೂರಲು ಆಗುತ್ತಿಲ್ಲ.

ಬೆಳಿಗ್ಗೆ ಭಾವನ ಮನೆಗೆ ಹೋದೆ. ಮೊದಲು ಅವನಿಗೆ ಹೇಳೋಣ, ತಪ್ಪಿನಲ್ಲಿ ಅರ್ಧ ಪಾಲು ಅವನದು ಎಂದು. ಪೈಪಿನ ಕಥೆ ಹೇಳಿದೆ. ಏಣಿಯ ಕೊನೆಯ ಮೆಟ್ಟಿಲ ಮೇಲೆ ಕೂತು ಕೇಳಿದ. ಬೈಯುತ್ತಾನೆ ಅಂದುಕೊಂಡೆ.

"ಮಗೂಗೆ ಹೇಳಿದ್ಯಾ?"

"ನಾಡಿದ್ದು ಹೇಳ್ತೀನಿ."

"ನಾಡಿದ್ದು ಮಂಗಳವಾರ. ಬುಧವಾರ ಅವಳು ಬೆಟ್ಟ ಹತ್ತುತ್ತಾಳೆ. ಏಳಯ್ಯ ಮೇಲೆ. ಈಗ ಹೋಗು."

ಬಸ್ಸಿನಲ್ಲಿ ಬಂದೆ. ಗೇಟು ತೆರೆದಿತ್ತು. ಗಾಡಿ ಇರಲಿಲ್ಲ. ನೆಲದ ಪೇಪರ್ ಮಾತ್ರ.

"ಹನ್ನೊಂದಕ್ಕೆ ಬಂದಿದ್ಲು" ಎಂದಳು ಇವಳು. "ಬುಧವಾರಕ್ಕೆ ಮುಂಚೆ ದಾರಿ ಒಂದ್ಸಲ ನೋಡ್ಕೊಂಡು ಬರ್ತೀನಿ ಅಂದ್ಲು. ಕೀಲಿ ಕೊಟ್ಟೆ. ಪಾಸಾಗಿದೆಯಲ್ಲ."

ಪಾಸಾಗಿದೆಯಲ್ಲ. ನಾನು ಕಲಿಸಿದ ಮಾತು.

ಫೋನ್ ಹೋಗುತ್ತಿಲ್ಲ. ಬೆಟ್ಟದಲ್ಲಿ ಸಿಗ್ನಲ್ ಇಲ್ಲ.

2-05

ಇವಳಿಗೆ ಎಲ್ಲ ಹೇಳಿದೆ. ನಿಂತುಕೊಂಡೇ ಹೇಳಿದೆ. ಸೆಟ್ ವಿಷಯ ಅವಳಿಗೆ ಗೊತ್ತು, ಪೈಪು ಗೊತ್ತಿರಲಿಲ್ಲ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಪ್ಪಲಿ ಮೆಟ್ಟಿ ಗೇಟಿನ ಹತ್ತಿರ ಹೋಗಿ ನಿಂತಳು.

2-20

ಹತ್ತಲು ನಲವತ್ತು ನಿಮಿಷ. ಆಸ್ಪತ್ರೆ ನೋಡಲು ಅರ್ಧ ಗಂಟೆ. ಇಳಿಯಲು ನಲವತ್ತು. ಒಂದಕ್ಕೆ ಇಲ್ಲಿರಬೇಕಿತ್ತು. ಹೇಗೆ ಕೂಡಿದರೂ ಒಂದು ಗಂಟೆಯೇ.

2-35

ಭಾವನಿಗೆ ಫೋನ್ ಮಾಡಿದ್ದೆ. ಬಿಳಿ ಗಾಡಿಯಲ್ಲಿ ಬಂದ. ಬೆಟ್ಟಕ್ಕೆ ಹೊರಟ. ಅದೂ ಬಿರುಕು ಬಿಟ್ಟ ಪೈಪಿನಲ್ಲಿ ಓಡುತ್ತಿರುವ ಗಾಡಿ. ಬೇಡ ಎಂದೆ.

"ಹತ್ತೋಕೆ ಬ್ರೇಕ್ ಯಾತಕ್ಕೆ" ಎಂದ. "ಇಳಿಯೋದು ಬಸ್ಸಲ್ಲಿ ಇಳೀತೀವಿ."

ನಾನೂ ಬರುತ್ತೇನೆ ಎಂದರೆ ಬಾಗಿಲು ತೆಗೆಯಲಿಲ್ಲ. "ಫೋನ್ ಬಂದ್ರೆ ಎತ್ತೋಕೆ ಒಬ್ರು ಬೇಕು. ನೀನು ಅಷ್ಟಾದ್ರೂ ಮಾಡು."

3-10

ಏನೂ ಇಲ್ಲ. ಫೋನ್ ಮೇಜಿನ ಮೇಲಿದೆ. ಮುಟ್ಟುತ್ತಿಲ್ಲ.

ದರ್ಜಿ ಬೇಲಿಯ ಆಚೆಯಿಂದ ಏನಾಯ್ತು ಎಂದು ಕೇಳಿದ. ನಿನ್ನ ಸೂಜಿ ನೋಡ್ಕೊ ಎಂದೆ. ಇವಳು ತಿರುಗಿ ನೋಡಿದಳು. ಅಂಥ ನೋಟ ನಲವತ್ತೊಂಬತ್ತು ವರ್ಷದಲ್ಲಿ ಕಂಡಿಲ್ಲ.

3-50

ಬಂದರು. ಬಸ್ಸಿನಲ್ಲಿ. ಇಬ್ಬರೂ.

ಅವಳಿಗೆ ಏನೂ ಆಗಿಲ್ಲ. ಮೊಣಕೈ ತರಚಿದೆ, ಅಷ್ಟೇ. ಎರಡು ಸಲ ಕೇಳಿದೆ. ಅಷ್ಟೇ.

ಇಳಿಯುವಾಗ ನಾಲ್ಕನೇ ತಿರುವಿಗೆ ಸುಟ್ಟ ವಾಸನೆ. ಎಡ ಚಕ್ರದಿಂದ ಹೊಗೆ. ತುಳಿದರೆ ಪೆಡಲ್ ನೆಲಕ್ಕೆ ಹೋಯಿತಂತೆ. ಹ್ಯಾಂಡ್ ಬ್ರೇಕ್ ಎಳೆದು, ಫಸ್ಟ್ ಗೇರಿಗೆ ತಳ್ಳಿ, ಗಾಡಿಯನ್ನು ಗುಡ್ಡದ ಮಣ್ಣಿಗೆ ಉಜ್ಜಿಸಿ ನಿಲ್ಲಿಸಿದ್ದಾಳೆ. ಇನ್ನೊಂದು ಕಡೆ ಕಂದಕ. ಮೂವತ್ತು ವರ್ಷ ಓಡಿಸಿದವನಿಗೂ ಅಷ್ಟು ಹೊತ್ತಿಗೆ ಅದು ಹೊಳೆಯುತ್ತಿರಲಿಲ್ಲ. ನನಗೆ ಹೊಳೆಯುತ್ತಿರಲಿಲ್ಲ. ಭಾವ ಹೋದಾಗ ರಸ್ತೆಯ ಕಲ್ಲಿನ ಮೇಲೆ ಕೂತಿದ್ದಳಂತೆ, ಎರಡು ಗಂಟೆ ಹೊತ್ತಿನಿಂದ. ಹಸಿರು, ಬಿಳಿ ಎರಡೂ ಬೆಟ್ಟದ ಮೇಲೇ ನಿಂತಿವೆ.

ಒಳಗೆ ಬಂದವಳು ನನ್ನನ್ನು ನೋಡಿ ಹೇಳಿದ ಮೊದಲ ಮಾತು, "ಸಾರಿ ಅಜ್ಜ. ಗಾಡಿ ಎಡಗಡೆ ಪೂರ್ತಿ ಕೆರೆದುಹೋಯ್ತು."

ನಾನು ಎದ್ದು ಈ ಕೋಣೆಗೆ ಬಂದೆ.

4-15

ಆಚೆ ಕೋಣೆಯಲ್ಲಿ ಅಮ್ಮನಿಗೆ ಫೋನ್ ಮಾಡುತ್ತಿದ್ದಾಳೆ. ಗೋಡೆ ತೆಳು.

"ಇಲ್ಲಮ್ಮ, ಅಜ್ಜಂಗೆ ಬೈಬೇಡ. ಗಾಡಿದೇನೂ ಇಲ್ಲ, ಗಾಡಿ ಈ ತಿಂಗಳೇ ಪಾಸಾಗಿರೋದು... ನಾನೇ ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇಳಿದೆ ಅನ್ಸುತ್ತೆ... ಅಜ್ಜ ಹೋದ ವಾರವೇ ಹೇಳಿದ್ರು ನನಗೆ ಓಡಿಸೋಕೆ ಬರಲ್ಲ ಅಂತ... ಇಲ್ಲ, ಇನ್ನು ಸ್ಟೀರಿಂಗ್ ಮುಟ್ಟಲ್ಲ ನಾನು. ಕೆಲಸ ಬೇಡ ಅಂತ ಇವತ್ತೇ ಬರೆದು ಕೊಟ್ಬಿಡ್ತೀನಿ."

ಭಾವ ಬಾಗಿಲಿಗೆ ಬಂದಿದ್ದ. ಬಸ್ಸಿನಲ್ಲಿ ಪೈಪಿನ ಮಾತೇ ಎತ್ತಲಿಲ್ಲವಂತೆ. "ಅದು ನಿನ್ನ ಬಾಯಿಂದ ಬರ್ಬೇಕು" ಎಂದ. "ಹತ್ತು ನಿಮಿಷ ನೋಡ್ತೀನಿ. ಆಮೇಲೆ ನಾನೇ ಹೇಳ್ತೀನಿ, ನಾನು ಹೇಳಿದ್ರೆ ನಿನ್ನ ಮರ್ಯಾದೆ ಉಳಿಸಿ ಹೇಳಲ್ಲ."

ಏಳು ನಿಮಿಷ ಆಯಿತು. ಬರೆಯುತ್ತಾ ಕೂತಿದ್ದೇನೆ. ಇದೂ ಒಂದು ಕಳ್ಳತನ.

4-25

ಬಾಗಿಲಲ್ಲಿ ನಿಂತಿದ್ದಾಳೆ. ಮೊಣಕೈಗೆ ಬಟ್ಟೆ. ಅರ್ಜಿ ಬರೆಯಲು ಪೆನ್ನು ಕೇಳುತ್ತಿದ್ದಾಳೆ. ಕೂರು ಎಂದೆ. ಕೂತಳು. "ಏನಜ್ಜ, ಹೇಳು" ಎನ್ನುತ್ತಿದ್ದಾಳೆ. ನಾನು ಇನ್ನೂ ಬಗ್ಗಿ ಬರೆಯುತ್ತಲೇ ಇದ್ದೇನೆ. ತಲೆ ಎತ್ತಬೇಕು. ಎತ್ತಿ, ತಪ್ಪು ನಿಂದಲ್ಲ ಎಂದು ಮೊದಲು, ಆಮೇಲೆ —